ಸುಟ್ಟ ರೋಧಕದ ಜಾಗಕ್ಕೆ ಯಾವುದು?

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ರಜೆಯಲ್ಲಿ ಎಲೆಕ್ಟ್ರಾನಿಕ್ ದಾಳದ ಕಿಟ್ ಒಂದನ್ನು ಜೋಡಿಸಿದಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗುಂಡಿ ಒತ್ತಿದರೆ ಆರು ಪುಟ್ಟ ದೀಪಗಳು ಒಂದರ ಹಿಂದೊಂದು ಓಡುತ್ತವೆ. ಬಿಟ್ಟರೆ ಯಾವುದೋ ಒಂದು ಉಳಿಯುತ್ತದೆ. ಸ್ವಿಚ್ ಹಾಕಿದೆ ಎಂದು ತೋರಿಸಲು ಬೇರೆ ಒಂದು ಕೆಂಪು ಎಲ್.ಇ.ಡಿ. ದೀಪ. 9 ವೋಲ್ಟಿನ ಬ್ಯಾಟರಿ ಸಿಕ್ಕಿಸಿ ಸ್ವಿಚ್ ಹಾಕಿದಾಗ ದಾಳದ ದೀಪಗಳು ಚೆನ್ನಾಗಿಯೇ ಓಡಿದವು. ಆದರೆ ಕೆಂಪು ದೀಪ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ನೋಡಿದರೆ ದೀಪದ ಪಕ್ಕದಲ್ಲಿದ್ದ ಅಕ್ಕಿಕಾಳಿನಷ್ಟು ಪುಟ್ಟ ರೋಧಕ, ಅಂದರೆ ಅಂಗಡಿಯವರು ರೆಸಿಸ್ಟರ್ ಎನ್ನುವ ವಸ್ತು, ಕಪ್ಪಿಟ್ಟಿತ್ತು.

"ಅದಕ್ಕೇನು, ಒಂದು ತಂತಿ ಚೂರು ಹಾಕಿಬಿಡು. ಕರೆಂಟು ಹರಿದರೆ ಸರಿ ತಾನೆ?" ಎಂದರು ಅಪ್ಪ.

"ಬೇಡ ಅಪ್ಪಾ, ಮೊದಲು ಅದು ಯಾಕೆ ಸುಟ್ಟಿತು ನೋಡೋಣ" ಎಂದಳು ಮಗಳು.

ಮಗಳ ಮಾತೇ ಸರಿ. ರೋಧಕ ತಾನಾಗಿ ಸುಡುವುದು ಅಪರೂಪ. ಅದರ ಮೂಲಕ ಹೆಚ್ಚು ವಿದ್ಯುತ್ತು ಹರಿದಾಗ ಸುಡುತ್ತದೆ. ಸುಟ್ಟದ್ದು ಒಂದು, ತಪ್ಪು ಮಾಡಿದ್ದು ಇನ್ನೊಂದು. ಕಾರಣ ಹುಡುಕದೆ ಹೊಸದನ್ನು ಹಾಕಿದರೆ ಅದೂ ಸುಡುತ್ತದೆ. ಹಲಗೆಯನ್ನು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ಸಿಕ್ಕಿತು. ಕೆಂಪು ದೀಪದ ಎರಡು ಕಾಲುಗಳ ನಡುವೆ ಬೆಸುಗೆಯ ಒಂದು ಹನಿ ಸೇತುವೆಯಂತೆ ಕೂತಿತ್ತು. ವಿದ್ಯುತ್ತು ದೀಪವನ್ನು ಬಿಟ್ಟು ಆ ಹನಿಯ ಮೂಲಕವೇ ಹರಿದಿತ್ತು. ಬ್ಯಾಟರಿಯ 9 ವೋಲ್ಟೂ ರೋಧಕದ ಮೇಲೆಯೇ ಬಿದ್ದಿತ್ತು. ಇಂಥ ಕಡೆ ತಂತಿ ಚೂರು ಹಾಕಿದ್ದರೆ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ಕೂಡಿಸಿದಂತೆ ಆಗುತ್ತಿತ್ತು. ಬ್ಯಾಟರಿ ಬಿಸಿಯಾಗಿ ಕೆಡುತ್ತಿತ್ತು.

ಹನಿಯನ್ನು ತೆಗೆದದ್ದಾಯಿತು. ಇನ್ನು ಬದಲಿ ರೋಧಕ. ಅದರ ಬೆಲೆ ಎಷ್ಟೆಂದು ತಿಳಿಯುವುದು ಹೇಗೆ? ಇಲ್ಲಿ ಬೆಲೆ ಎಂದರೆ ಹಣವಲ್ಲ, ಓಮ್‌ಗಳಲ್ಲಿ ಅಳೆಯುವ ರೋಧ. ರೋಧಕದ ಮೈಮೇಲಿನ ಬಣ್ಣದ ಪಟ್ಟಿಗಳು ಅದನ್ನು ಹೇಳುತ್ತವೆ. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ನಾಲ್ಕು ಪಟ್ಟಿಯ ರೋಧಕದಲ್ಲಿ ಮೊದಲ ಎರಡು ಪಟ್ಟಿಗಳು ಅಂಕಿಗಳು, ಮೂರನೆಯದು ಮುಂದೆ ಬರೆಯಬೇಕಾದ ಸೊನ್ನೆಗಳ ಸಂಖ್ಯೆ. ನಾಲ್ಕನೆಯದು ಚಿನ್ನದ ಬಣ್ಣವಾದರೆ ಬೆಲೆಯಲ್ಲಿ ಶೇಕಡಾ 5ರಷ್ಟು, ಬೆಳ್ಳಿಯಾದರೆ ಶೇಕಡಾ 10ರಷ್ಟು ಹೆಚ್ಚುಕಡಿಮೆ ಇರಬಹುದು ಎಂದರ್ಥ.

ಆದರೆ ಸುಟ್ಟ ರೋಧಕದ ಬಣ್ಣವನ್ನು ನಂಬುವಂತಿಲ್ಲ. ಬಿಸಿಗೆ ಕೆಂಪು, ಕಿತ್ತಳೆ, ಕಂದು ಮೂರೂ ಒಂದೇ ಥರ ಕಾಣುತ್ತವೆ. ಕಿತ್ತಳೆ-ಕಿತ್ತಳೆ-ಕಂದು ಎಂದರೆ 330 ಓಮ್. ಕೊನೆಯ ಕಂದನ್ನು ಕಿತ್ತಳೆ ಎಂದು ಓದಿದರೆ 33,000 ಓಮ್! ಅದನ್ನು ಹಾಕಿದರೆ ದೀಪ ಹತ್ತಿದೆಯೋ ಇಲ್ಲವೋ ಎಂದು ಕತ್ತಲೆಯಲ್ಲಿ ಹುಡುಕಬೇಕು. ಮೀಟರು ಹಿಡಿದು ಅಳೆದರೂ ಪ್ರಯೋಜನವಿಲ್ಲ, ಏಕೆಂದರೆ ಸುಟ್ಟ ಮೇಲೆ ಅದರ ರೋಧವೇ ಬದಲಾಗಿರುತ್ತದೆ. ಆದ್ದರಿಂದ ಕಿಟ್‌ನೊಂದಿಗೆ ಬಂದ ಭಾಗಗಳ ಪಟ್ಟಿಯನ್ನು ಎಸೆಯಬಾರದು. ಹುಡುಗಿ ಎಸೆದಿರಲಿಲ್ಲ. ಅದರಲ್ಲಿ 330 ಓಮ್, 1/8 ವಾಟ್ ಎಂದಿತ್ತು.

ಅಪ್ಪ ಮಗಳು ಊರಿನ ಟಿ.ವಿ. ರಿಪೇರಿ ಅಂಗಡಿಗೆ ಹೋದರು. "330 ಇಲ್ಲ ಮಗಾ. 220 ಇದೆ, 470 ಇದೆ. ಎರಡೂ ಕಾಲು ವಾಟಿನವು. ಯಾವುದು ಕೊಡಲಿ?" ಎಂದರು ಅಂಗಡಿಯವರು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಜಾಗದಲ್ಲಿ ರೋಧಕದ ಕೆಲಸವೇನು? ದೀಪದ ಮೂಲಕ ಹರಿಯುವ ವಿದ್ಯುತ್ತನ್ನು ಮಿತಿಯಲ್ಲಿಡುವುದು. ಕೆಂಪು ಎಲ್.ಇ.ಡಿ. ಬೆಳಗುವಾಗ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. 9ರಲ್ಲಿ 2 ಕಳೆದರೆ ಉಳಿದ 7 ವೋಲ್ಟ್ ರೋಧಕದ ಪಾಲು. ಪಠ್ಯಪುಸ್ತಕದ ಓಮ್‌ನ ನಿಯಮದಂತೆ ಈ 7ನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ.

330 ಓಮ್ ಆದರೆ ಸುಮಾರು 21 ಮಿಲಿಆಂಪಿಯರ್. 220 ಆದರೆ ಸುಮಾರು 32. ಸಾಮಾನ್ಯ ಪುಟ್ಟ ಎಲ್.ಇ.ಡಿ.ಗೆ 20ರ ಆಸುಪಾಸು ಸಾಕು. 32 ಹರಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. 470 ಆದರೆ ಸುಮಾರು 15. ಬೆಳಕು ತುಸು ಕಡಿಮೆ, ಕಣ್ಣಿಗೆ ಅಷ್ಟಾಗಿ ತಿಳಿಯದು. ಬ್ಯಾಟರಿಯೂ ಹೆಚ್ಚು ದಿನ ಬರುತ್ತದೆ.

ಇನ್ನು ವಾಟ್ ಲೆಕ್ಕ. ರೋಧಕ ಎಷ್ಟು ಶಾಖವನ್ನು ತಾಳಬಲ್ಲದು ಎಂದು ಇದು ಹೇಳುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರಾಯಿತು. ಬೆಸುಗೆಯ ಹನಿ ಇದ್ದಾಗ ಬಿದ್ದ ಹೊರೆ ಸುಮಾರು 0.245 ವಾಟ್. 1/8 ವಾಟ್ ಎಂದರೆ 0.125, ಹೊರೆ ಅದರ ಹೆಚ್ಚುಕಡಿಮೆ ಎರಡರಷ್ಟು. ಕಪ್ಪಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಶ್ಚರ್ಯದ ಸಂಗತಿ ಬೇರೊಂದಿದೆ. ಹನಿ ಇಲ್ಲದೆ ಎಲ್ಲ ಸರಿಯಾಗಿದ್ದರೂ 330 ಓಮಿನ ಮೇಲೆ ಬೀಳುವ ಹೊರೆ 0.148 ವಾಟ್. ಕಿಟ್‌ನಲ್ಲಿ ಬಂದ ರೋಧಕಕ್ಕೆ ಅದೂ ಹೆಚ್ಚೇ! ಅಂದರೆ ಮೊದಲಿದ್ದಂಥದ್ದನ್ನೇ ಹುಡುಕಿ ತಂದಿದ್ದರೆ ಅದೂ ಬಹಳ ದಿನ ಬಾಳುತ್ತಿರಲಿಲ್ಲ. ಕಾಲು ವಾಟಿನ 470 ಓಮಿನ ಮೇಲಾದರೋ ಬೀಳುವುದು 0.104 ವಾಟ್, ಅದು ತಾಳಬಲ್ಲದ್ದರ ಅರ್ಧಕ್ಕಿಂತ ಕಡಿಮೆ. ಸಿಕ್ಕಿದ ಬದಲಿಯೇ ಮೂಲಕ್ಕಿಂತ ಮೇಲಾಯಿತು.

ಕಾಲು ವಾಟಿನದು ಗಾತ್ರದಲ್ಲಿ ತುಸು ದೊಡ್ಡದು. ಹಲಗೆಯ ತೂತುಗಳಿಗೆ ಹೊಂದದಿದ್ದರೆ ಒಂದು ಕಾಲನ್ನು ಮಡಿಸಿ ನೆಟ್ಟಗೆ ನಿಲ್ಲಿಸಬಹುದು. ಬರಿಯ ತಂತಿ ಪಕ್ಕದ ಭಾಗಕ್ಕೆ ತಾಗಬಾರದು, ಡಬ್ಬಿಯ ಮುಚ್ಚಳವೂ ಕೂರಬೇಕು, ಅಷ್ಟೆ.

330, 470 ಎಂಬ ವಿಚಿತ್ರ ಸಂಖ್ಯೆಗಳೇಕೆ, 300, 400 ಏಕಿಲ್ಲ ಎಂದು ಕೆಲವರು ಕೇಳುತ್ತಾರೆ. 10, 12, 15, 18, 22, 27, 33, 39, 47, 56, 68, 82: ಇದು ರೋಧಕಗಳ ಪ್ರಮಾಣಿತ ಸರಣಿ. ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಐದರಲ್ಲೊಂದು ಪಾಲು ದೊಡ್ಡದು. ಶೇಕಡಾ 10ರ ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ಹಿಡಿದರೆ ಯಾವ ಬೆಲೆ ಬೇಕಾದರೂ ಈ ಹನ್ನೆರಡರಲ್ಲಿ ಒಂದರ ಹತ್ತಿರ ಬೀಳುತ್ತದೆ. ಸರಿಯಾದುದೇ ಬೇಕೆಂದರೆ ಜೋಡಿಸಿಯೂ ಪಡೆಯಬಹುದು. 220 ಮತ್ತು 100 ಓಮಿನವನ್ನು ಸರಣಿಯಲ್ಲಿ ಜೋಡಿಸಿದರೆ 320. ಚಿನ್ನದ ಪಟ್ಟಿಯ 330 ಓಮಿನ ರೋಧಕವೇ 313ರಿಂದ 347ರವರೆಗೆ ಎಲ್ಲಿಯಾದರೂ ಇರಬಹುದಾದ್ದರಿಂದ ಈ 320 ಸಲ್ಲುತ್ತದೆ.

ಹಾಗೆಂದು ಎಲ್ಲೆಡೆಯೂ ಈ ಧಾರಾಳ ನಡೆಯದು. ದಾಳದ ದೀಪಗಳನ್ನು ಓಡಿಸುವುದು ಅನೇಕ ಕಿಟ್‌ಗಳಲ್ಲಿ 1972ರಲ್ಲಿ ಮಾರುಕಟ್ಟೆಗೆ ಬಂದ 555 ಎಂಬ ಚಿಪ್. ಅದರ ಪಕ್ಕದ ರೋಧಕಗಳು ಕಾಲವನ್ನು ನಿರ್ಧರಿಸುತ್ತವೆ. ದಾಳದ ಓಟ ತುಸು ನಿಧಾನವಾದರೆ ನಷ್ಟವಿಲ್ಲ. ಆದರೆ ಇದೇ ಚಿಪ್ಪಿನಿಂದ ಮಾಡಿದ ಒಂದು ನಿಮಿಷದ ಟೈಮರಿನಲ್ಲಿ 330 ಕಿಲೋ ಓಮಿನ ಬದಲು 470 ಕಿಲೋ ಓಮ್ ಹಾಕಿದರೆ ನಿಮಿಷಕ್ಕೆ 85 ಸೆಕೆಂಡು ಆಗುತ್ತದೆ! ಅಳತೆಯ ಉಪಕರಣಗಳಲ್ಲಂತೂ ಶೇಕಡಾ 1ರ ರೋಧಕ ತೆಗೆದ ಕಡೆ ಶೇಕಡಾ 1ರದ್ದನ್ನೇ ಹಾಕಬೇಕು.

ಪೋಷಕರಿಗೆ ಒಂದು ಮಾತು. ಬ್ಯಾಟರಿಯ ಪುಟ್ಟ ಕಿಟ್‌ಗಳಲ್ಲಿ ಮಕ್ಕಳು ತಪ್ಪು ಮಾಡಿ ಕಲಿಯಲಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಹಿರಿಯರೊಬ್ಬರು ಜೊತೆಗಿರಲಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಉಪಕರಣವನ್ನು ಮಾತ್ರ ಅವರು ಬಿಚ್ಚಬಾರದು. ಅಂಥವುಗಳಲ್ಲಿ ಅಪಾಯ ಬಂದಾಗ ತಾನು ಸುಟ್ಟು ಉಳಿದದ್ದನ್ನು ಕಾಪಾಡುವ ರೋಧಕಗಳಿರುತ್ತವೆ. ಅವುಗಳ ಜಾಗಕ್ಕೆ ತಂತಿಯನ್ನೋ ಬೇರೆ ಜಾತಿಯದನ್ನೋ ಹಾಕಿದರೆ ಬೆಂಕಿಗೆ ದಾರಿ.

ಈ ಲೆಕ್ಕಗಳಿಗೆಲ್ಲ ಮೂಲವಾದ ನಿಯಮವನ್ನು ಕೊಟ್ಟವನೂ ಒಬ್ಬ ಶಾಲಾ ಮೇಷ್ಟ್ರು. ಜರ್ಮನಿಯ ಕೊಲೋನ್ ನಗರದಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಸೈಮನ್ ಓಮ್ 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದಾಗ ಸ್ವದೇಶದಲ್ಲಿ ತಕ್ಕ ಮನ್ನಣೆ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿತು. ಪರೀಕ್ಷೆಯಲ್ಲಿ ಬರೆದು ಮರೆಯುವ ಆ ನಿಯಮ ಅಂದು ಅಂಗಡಿಯ ಕಟ್ಟೆಯ ಮೇಲೆ, ಹಳೆಯ ಚೀಟಿಯ ಹಿಂಬದಿಯಲ್ಲಿ, ಹುಡುಗಿಯ ಕೈಯಲ್ಲಿ ಕೆಲಸ ಮಾಡಿತು. "470 ಕೊಡಿ ಅಣ್ಣಾ" ಎಂದಳು. ಸಂಜೆ ಕೆಂಪು ದೀಪ ಹತ್ತಿತು.

ಮಾಡಿ ನೋಡಿ: ನಿಮ್ಮಲ್ಲಿ 1000 ಓಮಿನ, 1/8 ವಾಟಿನ ಮೂರು ರೋಧಕಗಳು ಮಾತ್ರ ಇವೆ. ಈ ದೀಪಕ್ಕೆ ಅವುಗಳಿಂದಲೇ 330ರ ಹತ್ತಿರದ ರೋಧ ಪಡೆಯುವುದು ಹೇಗೆ? ಅವು ಸುಡುತ್ತವೆಯೇ?

ಉತ್ತರ: ಮೂರನ್ನೂ ಸಮಾಂತರವಾಗಿ ಜೋಡಿಸಿ, ಸುಮಾರು 333 ಓಮ್ ಸಿಗುತ್ತದೆ. ಹೊರೆ ಮೂರು ಪಾಲಾಗಿ ಒಂದೊಂದಕ್ಕೂ ಸುಮಾರು 0.05 ವಾಟ್ ಮಾತ್ರ ಬೀಳುವುದರಿಂದ ಸುಡುವುದಿಲ್ಲ.