ವಿದ್ಯಾರ್ಥಿಯ ಪ್ರಶ್ನೆಯೂ ಅಂಗಡಿಯ ಉತ್ತರವೂ

1928ನೆಯ ಇಸವಿ ಫೆಬ್ರವರಿ 28ನೆಯ ದಿನ ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಬೆಳಕಿನ ಚದರಿಕೆಯ ವಿಷಯದಲ್ಲಿ ಕಂಡುಕೊಂಡ ಸಂಗತಿಯ ಸ್ಮರಣಾರ್ಥವಾಗಿ, 1987ರಿಂದೀಚೆಗೆ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆ ದಿನ ಸಮೀಪಿಸಿತೆಂದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ವಸ್ತುಪ್ರದರ್ಶನಗಳ ಸಂಭ್ರಮ ಮೊದಲಾಗುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಅಧ್ಯಾಪಕರ ಅಪ್ಪಣೆಯಾಗುತ್ತದೆ: ಎಂಟು ದಿನಗಳೊಳಗಾಗಿ ನೂತನವಾದ ಒಂದು 'ಪ್ರಾಜೆಕ್ಟಿನ' ವಿಷಯವನ್ನು ಆರಿಸಿ ತರತಕ್ಕದ್ದು. ವಿದ್ಯಾರ್ಥಿಯು ತಂದೆಯನ್ನು ಕೇಳುತ್ತಾನೆ. ತಂದೆ ಅಂಗಡಿಯವನನ್ನು ಕೇಳುತ್ತಾನೆ. ಅಂಗಡಿಯವನು ಯಾರನ್ನೂ ಕೇಳಬೇಕಾದ ಅಗತ್ಯವಿಲ್ಲ, ಅವನಲ್ಲಿ ಸಿದ್ಧವಾದ ಸರಕಿದೆ. ಬೆಂಡಿನ ಅಣೆಕಟ್ಟು, ಕಿರಣವನ್ನು ಅಡ್ಡಗಟ್ಟಿದರೆ ಕೂಗಿಕೊಳ್ಳುವ ಗಂಟೆ, ಅಡಿಗೆ ಸೋಡವನ್ನು ಕಾರಿಕೊಳ್ಳುವ ಜ್ವಾಲಾಮುಖಿ—ಇವು ವರ್ಷವರ್ಷವೂ ಅದೇ ಮೇಜಿನ ಮೇಲೆ ಅದೇ ಬಣ್ಣದ ಕಾಗದದ ಹೊದಿಕೆಯಲ್ಲಿ ಮೆರೆದು, ಮಾರನೆಯ ದಿನ ಕಸದ ಗುಂಡಿಯನ್ನು ಸೇರುತ್ತವೆ. ಜ್ವಾಲಾಮುಖಿಗೂ ಭೌತಶಾಸ್ತ್ರಕ್ಕೂ ಏನು ಸಂಬಂಧವೆಂದು ಕೇಳಿದ ಪರೀಕ್ಷಕರನ್ನು ನಾವು ಇದುವರೆಗೆ ಕಂಡಿಲ್ಲ.

ಈ ಅವಸ್ಥೆಗೆ ವಿದ್ಯಾರ್ಥಿಯನ್ನು ದೂಷಿಸುವುದು ನ್ಯಾಯವಲ್ಲ. ಪ್ರಯೋಗಶಾಲೆಯಲ್ಲಿ ಅವನು ವರ್ಷಗಟ್ಟಲೆ ಕಲಿತಿರುವುದಾದರೂ ಏನು? ಲೋಲಕವನ್ನು ತೂಗಿ ಗುರುತ್ವದ ಬೆಲೆಯನ್ನು ಕಂಡುಹಿಡಿಯೆಂದು ಅವನಿಗೆ ಹೇಳುತ್ತಾರೆ. ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರೆಂಬ ಉತ್ತರವು ಪುಸ್ತಕದಲ್ಲಿ ಮುಂಚೆಯೇ ಅಚ್ಚಾಗಿದೆ. ಅವನು ಗುಂಡನ್ನು ಲಂಬದಿಂದ 30 ಡಿಗ್ರಿಯಷ್ಟು ಎಳೆದು ಬಿಟ್ಟನೆಂದು ಇಟ್ಟುಕೊಳ್ಳೋಣ. ಓಲಾಟದ ಕಾಲವು ಸಣ್ಣ ಕೋನದ ಸೂತ್ರ ಹೇಳುವುದಕ್ಕಿಂತ ನೂರಕ್ಕೆ 1.7ರಷ್ಟು ಹೆಚ್ಚಾಗಿ, ಲೆಕ್ಕದಲ್ಲಿ ಗುರುತ್ವವು 9.47 ಎಂದು ಬರುತ್ತದೆ. ಆ 9.47 ಎಂಬುದು ಸುಳ್ಳಲ್ಲ. ಸೂತ್ರವು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಪ್ರಕೃತಿಯೇ ಹುಡುಗನಿಗೆ ತೋರಿಸಿಕೊಟ್ಟ ಬೆರಳು. ಆದರೆ ಅವನು ಮಾಡುವುದೇನು? ರಬ್ಬರಿನಿಂದ ಅದನ್ನು ಅಳಿಸಿ, ರಿಕಾರ್ಡು ಪುಸ್ತಕದಲ್ಲಿ 9.8 ಎಂದು ಬರೆದು, ಅಧ್ಯಾಪಕರ ಸಹಿ ಪಡೆಯುತ್ತಾನೆ. ಹೀಗೆ ಪ್ರಶ್ನೆಗಳನ್ನು ಅಳಿಸುವ ಅಭ್ಯಾಸದಲ್ಲಿ ಪಳಗಿದವನನ್ನು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಕರೆದು, ಸೃಜನಶೀಲನಾಗು ಎಂದರೆ ಅವನು ಅಂಗಡಿಯ ಕಡೆಗೆ ನಡೆಯದೆ ಇನ್ನೆಲ್ಲಿಗೆ ನಡೆದಾನು?

ಅಳಿಸದೆ ಉಳಿಸಿಕೊಂಡವನ ಕಥೆಯೂ ನಮ್ಮ ದೇಶದ್ದೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ರಾಮನ್ ಅವರು ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕದ ಕೋನವನ್ನು ಅಳೆಯುವ, ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡುವ ಪ್ರಯೋಗವನ್ನೇ ಮಾಡುತ್ತಿದ್ದಾಗ, ಬೆಳಕಿನ ಪಟ್ಟೆಗಳು ಎರಡು ಪಕ್ಕಗಳಲ್ಲಿ ಒಂದೇ ಸಮನಾಗಿಲ್ಲದಿರುವುದನ್ನು ಗಮನಿಸಿದರು. ಕೋನವನ್ನು ಬರೆದುಕೊಂಡು ಮನೆಗೆ ಹೋಗಬಹುದಾಗಿತ್ತು. ಅವರು ಹೋಗಲಿಲ್ಲ. 1906ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಆ ಅಸಮ ಪಟ್ಟೆಗಳ ಮೇಲೆಯೇ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್' ಪತ್ರಿಕೆಯಲ್ಲಿ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದರು. ವಿಷಯವನ್ನು ಅವರು ಯಾವ ಪಟ್ಟಿಯಿಂದಲೂ ಆರಿಸಲಿಲ್ಲವೆಂಬುದು ಇಲ್ಲಿ ಗಮನಾರ್ಹ. ನಿತ್ಯದ ಪಾಠದ ನಡುವೆ ಎದುರಾದ ಒಂದು ಒರಟುತನವನ್ನು ಅವರು ಒರಸಿ ನಯಗೊಳಿಸಲಿಲ್ಲ, ಅಷ್ಟೆ.

ಆದುದರಿಂದ ಪ್ರಾಜೆಕ್ಟಿಗೆ ಬೇಕಾದುದು ವಸ್ತುವಲ್ಲ, ಪ್ರಶ್ನೆ ಎಂದು ನಾವು ಹೇಳುತ್ತೇವೆ. ಅದೂ ಎಂತಹ ಪ್ರಶ್ನೆ? ಉತ್ತರವು ಯಾವ ಪುಸ್ತಕದ ಹಿಂಬದಿಯಲ್ಲಿಯೂ ಇಲ್ಲದ, ಆದರೆ ಕೈಗೆಟುಕುವ ಸಲಕರಣೆಗಳಿಂದ ಮೂರು ತಿಂಗಳೊಳಗೆ ಅಳತೆಗೆ ಸಿಕ್ಕುವ ಪ್ರಶ್ನೆ. 'ಸೌರಶಕ್ತಿ' ಎಂಬುದು ವಿಷಯವಲ್ಲ. ಅದು ಒಂದು ಗ್ರಂಥಾಲಯದ ಕಪಾಟಿನ ಹೆಸರು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರವಿದೆ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಫಲಕಗಳ ಮೇಲೆ ಧೂಳು ಕೂರುತ್ತದೆ, ತೊಳೆಯಲು ನೀರು ಬೇಕು. ಹಾಗಿರುವಲ್ಲಿ, ತೊಳೆಯದ ಫಲಕದ ವಿದ್ಯುತ್ಪ್ರವಾಹವು ವಾರಕ್ಕೆ ಎಷ್ಟು ಕುಗ್ಗುತ್ತದೆ, ಎಷ್ಟು ದಿನಗಳಿಗೊಮ್ಮೆ ತೊಳೆದರೆ ಸಾಕು—ಇದು ವಿಷಯ. ಅಂಗೈಯಗಲದ ಎರಡು ಫಲಕಗಳನ್ನು ಕಾಲೇಜಿನ ಮಾಳಿಗೆಯ ಮೇಲಿಟ್ಟು, ಒಂದನ್ನು ದಿನವೂ ಒರಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಪ್ರತಿದಿನ ನಡುಹಗಲಿನಲ್ಲಿ ಮಲ್ಟಿಮೀಟರಿನಿಂದ ಅಳೆದು ಬರೆದಿಟ್ಟುಕೊಂಡರೆ ತಿಂಗಳೊಳಗೆ ಉತ್ತರ ಮೂಡಲಾರಂಭಿಸುತ್ತದೆ. ಆ ಊರಿನ, ಆ ಋತುವಿನ ಧೂಳಿನ ಉತ್ತರವನ್ನು ಯಾವ ಅಂಗಡಿಯವನೂ ಮಾರಲಾರ.

ಹತ್ತಿರದ ವಸ್ತುಗಳಲ್ಲಿ ಭೌತಶಾಸ್ತ್ರವಿಲ್ಲವೆಂಬ ಭ್ರಮೆಯನ್ನು ಮೊದಲು ಬಿಡಬೇಕು. ಬೇಸಗೆಯಲ್ಲಿ ಎಲ್ಲರ ಮನೆಯಲ್ಲಿಯೂ ಇರುವ ಮಣ್ಣಿನ ಮಡಕೆಯನ್ನೇ ನೋಡಿರಿ. ಮಡಕೆಯ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆಂದು ಪಠ್ಯಪುಸ್ತಕ ಹೇಳಿ ಮುಗಿಸುತ್ತದೆ. ಆದರೆ ಲೆಕ್ಕ ಹಾಕಿದರೆ, ಒಳಗಿನ ನೀರಿನ ನೂರರಲ್ಲಿ ಒಂದು ಪಾಲು ಮಾತ್ರ ಆವಿಯಾದರೂ ಉಳಿದ ನೀರು ಸುಮಾರು 5.7 ಡಿಗ್ರಿಯಷ್ಟು ತಣ್ಣಗಾಗಬೇಕು. ತಣ್ಣಗಾಗುವುದಕ್ಕೆ ಒಂದು ಎಲ್ಲೆಯೂ ಉಂಟು: ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಬೆಲೆಗಿಂತ ಕೆಳಕ್ಕೆ ಮಡಕೆಯ ನೀರು ಇಳಿಯಲಾರದು. ರಾಯಚೂರಿನಲ್ಲಿ ಹವೆ 40 ಡಿಗ್ರಿ, ತೇವಾಂಶ ನೂರಕ್ಕೆ 20 ಇದ್ದ ಮಧ್ಯಾಹ್ನ ಆ ಎಲ್ಲೆ ಸುಮಾರು 23 ಡಿಗ್ರಿ. ಮಂಗಳೂರಿನಲ್ಲಿ ಹವೆ 33, ತೇವಾಂಶ 70 ಇದ್ದ ದಿನ ಸುಮಾರು 28. ಒಂದೆಡೆ 17 ಡಿಗ್ರಿ ಇಳಿಯುವ ಅವಕಾಶ, ಇನ್ನೊಂದೆಡೆ ಬರಿಯ 5. ಕರಾವಳಿಯವರು ಮಡಕೆಯನ್ನು ನಂಬದಿರುವುದಕ್ಕೆ ಕಾರಣವಿದೆ! ಆದರೆ ಮಡಕೆಯು ಆ ಎಲ್ಲೆಯನ್ನು ನಿಜವಾಗಿ ಎಷ್ಟು ಸಮೀಪಿಸುತ್ತದೆ? ಗಡಸು ನೀರಿನ ಊರಿನಲ್ಲಿ ಉಪ್ಪು ಕಟ್ಟಿ ಸೂಕ್ಷ್ಮರಂಧ್ರಗಳು ಮುಚ್ಚಿಕೊಂಡಂತೆಲ್ಲ ಹಳೆಯ ಮಡಕೆಯ ಗುಣ ಎಷ್ಟು ಕೆಡುತ್ತದೆ? ಗಾಳಿಯಾಡುವ ಕಿಟಕಿಯಲ್ಲಿಟ್ಟರೆ ಎಷ್ಟು, ಮೂಲೆಯಲ್ಲಿಟ್ಟರೆ ಎಷ್ಟು? ಎರಡು ಥರ್ಮಾಮೀಟರು, ಒಂದು ತಕ್ಕಡಿ, ಗಂಟೆಗೊಮ್ಮೆ ಎದ್ದು ತೂಗಿ ಬರೆಯುವ ತಾಳ್ಮೆ—ಇಷ್ಟು ಸಾಕು. ರಾಯಚೂರಿನ ವಿದ್ಯಾರ್ಥಿಯೂ ಮಂಗಳೂರಿನ ವಿದ್ಯಾರ್ಥಿಯೂ ಒಂದೇ ಕುಂಬಾರನ ಎರಡು ಮಡಕೆಗಳನ್ನು ಹಂಚಿಕೊಂಡು ಈ ಕೆಲಸ ಮಾಡಿದರೆ ಅದರ ಸೊಗಸೇ ಬೇರೆ.

ಇನ್ನು ವಿಜಯಪುರದ ಗೋಳಗುಮ್ಮಟ. ಅಲ್ಲಿಗೆ ಪ್ರವಾಸ ಹೋದ ಪ್ರತಿ ಬಾಲಕನೂ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ಕೈತಟ್ಟಿ ಬಂದವನೇ. ಅಳೆದು ಬಂದವರೆಷ್ಟು ಮಂದಿ? ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರು. ಗೋಡೆಯ ಬಳಿ ತಟ್ಟಿದ ಸದ್ದು ನೇರವಾಗಿ ಎದುರು ಗೋಡೆಗೆ ಹೋಗಿ ಮರಳುವುದಾದರೆ 76 ಮೀಟರು ಸಂಚರಿಸಬೇಕು. ಶಬ್ದದ ವೇಗವನ್ನು ಸೆಕೆಂಡಿಗೆ 345 ಮೀಟರೆಂದು ಹಿಡಿದರೆ ಅದಕ್ಕೆ 0.22 ಸೆಕೆಂಡು ತಗಲುತ್ತದೆ. ಹಾಗಲ್ಲದೆ ಸದ್ದು ಗೋಡೆಯನ್ನೇ ಅಂಟಿಕೊಂಡು ಸುತ್ತು ಬರುವುದಾದರೆ ಸುಮಾರು 119 ಮೀಟರಿನ ಹಾದಿ, 0.35 ಸೆಕೆಂಡಿನ ಕಾಲ. ಕಿವಿಗೆ ಈ ಭೇದ ತಿಳಿಯುವುದು ಕಷ್ಟ. ಆದರೆ ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿರುವ ಮೊಬೈಲು ಫೋನು ಇದನ್ನು ಸಲೀಸಾಗಿ ದಾಖಲು ಮಾಡುತ್ತದೆ. ಕೈತಟ್ಟಿದಾಗ ಕೇಳುವ ಪ್ರತಿಧ್ವನಿಗಳಲ್ಲಿ ಯಾವುದು ಯಾವ ಹಾದಿಯದು, ಗೋಡೆಯಿಂದ ಒಂದು ಮಾರು ಈಚೆಗೆ ಸರಿದು ಪಿಸುಗುಟ್ಟಿದರೆ ಏನಾಗುತ್ತದೆ? ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಇಂತಹುದೇ ಮೊಗಸಾಲೆಯಲ್ಲಿ 1921ರಲ್ಲಿ ರಾಮನ್ ಅವರು ಸದರ್ಲೆಂಡ್ ಎಂಬವರೊಡನೆ ಕೂಡಿ ಪ್ರಯೋಗ ಮಾಡಿ, ಪಿಸುಮಾತಿನ ವಿಷಯವಾಗಿ ಹಿಂದಿನ ವಿದ್ವಾಂಸರ ಸಿದ್ಧಾಂತವನ್ನು ಪರೀಕ್ಷೆಗೆ ಗುರಿಮಾಡಿದ್ದರೆಂಬುದನ್ನು ನೆನೆದರೆ, ವಿಷಯವು ಬಾಲಲೀಲೆಯೆಂದು ಯಾರೂ ಹೇಳಲಾರರು.

ಸಂಗೀತದ ಮನೆಯ ಹುಡುಗನಿಗೆ ಮೃದಂಗವಿದೆ. ಬರಿಯ ಚರ್ಮದ ಹೊದಿಕೆಯ ಉಪಸ್ವರಗಳು ಮೂಲಸ್ವರದ 1.59, 2.14 ಮಡಿ, ಹೀಗೆ ಮೇಳವಿಲ್ಲದೆ ನಿಲ್ಲುತ್ತವೆ; ನಡುವಿನ ಕಪ್ಪು ಲೇಪವು ಅವನ್ನು ಎರಡು, ಮೂರು, ನಾಲ್ಕೆಂಬ ಪೂರ್ಣಸಂಖ್ಯೆಗಳಿಗೆ ತರುತ್ತದೆಂದು 1920ರಲ್ಲಿಯೇ ರಾಮನ್ ಮತ್ತು ಶಿವಕಾಳಿ ಕುಮಾರ್ ತೋರಿಸಿದರು. ಲೇಪವಿಲ್ಲದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಕಾಯಿಸಿದ ಮೇಲೆ ಅದರ ಶ್ರುತಿ ನಿಮಿಷಕ್ಕೆಷ್ಟರಂತೆ ಇಳಿಯುತ್ತದೆ, ಮಳೆಗಾಲದಲ್ಲಿ ಹೇಗೆ, ಬೇಸಗೆಯಲ್ಲಿ ಹೇಗೆ? ತಮಟೆ ಬಾರಿಸುವವರ ಮನೆಯಿಂದ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಅವನ ಅಧ್ಯಾಪಕರಿಗಿಂತ ಹೆಚ್ಚಿನ ತಿಳಿವಳಿಕೆ ಇರುವುದು ಅಸಂಭವವೇನಲ್ಲ.

ಉಪಕರಣಗಳಿಲ್ಲವೆಂಬ ದೂರು ಹಳೆಯದು. ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇನ್ನೊಂದು ದೂರು ಪರಿಚಿತ: ಬಿಡುವಿಲ್ಲ. ರಾಮನ್ ಅವರು 1907ರಿಂದ 1917ರವರೆಗೆ ಸರಕಾರದ ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕಚೇರಿಗೆ ಮುಂಚೆ ಮತ್ತು ಕಚೇರಿಯ ಅನಂತರ ಕಲ್ಕತ್ತೆಯ ವಿಜ್ಞಾನ ಸಂಘದಲ್ಲಿ ಸಂಶೋಧನೆ ಮಾಡಿದರು. 1921ರಲ್ಲಿ ವಿಲಾಯತಿಯಿಂದ ಮರಳುವಾಗ, ಕಡಲಿನ ನೀಲಿ ಬಣ್ಣವು ಆಕಾಶದ ಪ್ರತಿಬಿಂಬವೆಂಬ ಮಾತನ್ನು ಅವರು ಹಡಗಿನ ಮೇಲಿಂದಲೇ ಒಂದು ನಿಕೋಲ್ ಪಟ್ಟಕದಿಂದ ಪರೀಕ್ಷಿಸಿದರು. ಪ್ರತಿಬಿಂಬದ ಬೆಳಕನ್ನು ಪಟ್ಟಕದಿಂದ ಅಡಗಿಸಿದ ಮೇಲೆಯೂ ಕಡಲು ನೀಲಿಯಾಗಿಯೇ ಉಳಿಯಿತು. ಏಳು ವರ್ಷಗಳ ತರುವಾಯದ ಮಹಾ ಆವಿಷ್ಕಾರದ ದಾರಿ ಅಲ್ಲಿಂದ ಹೊರಟಿತು. ಈ ಕಾಲದ ಫೋನಿನಲ್ಲಿ ವೇಗೋತ್ಕರ್ಷ, ಕಾಂತಕ್ಷೇತ್ರ, ಬೆಳಕು, ಸದ್ದು ಎಲ್ಲವನ್ನೂ ಅಳೆಯುವ ಸಾಧನಗಳಿವೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಿಂದ 'ಫೈಫಾಕ್ಸ್' ಎಂಬ ತಂತ್ರಾಂಶವನ್ನು ಇದಕ್ಕಾಗಿಯೇ ಧರ್ಮಾರ್ಥವಾಗಿ ಒದಗಿಸಿದ್ದಾರೆ. ಇಷ್ಟಿದ್ದೂ ಫೋನಿನಲ್ಲಿ ಇನ್ನೊಬ್ಬರ ಪ್ರಾಜೆಕ್ಟನ್ನು ಹುಡುಕುವುದು, ದೀಪ ಹಿಡಿದುಕೊಂಡು ಬೆಂಕಿಗಾಗಿ ನೆರೆಮನೆಗೆ ಹೋದಂತಾಯಿತು.

ಉತ್ತರವು ಸಿಕ್ಕದೆ ಹೋದರೆ, ಅಥವಾ ಎಣಿಸಿದುದಕ್ಕೆ ವಿರುದ್ಧವಾಗಿ ಬಂದರೆ ಏನು ಗತಿಯೆಂದು ವಿದ್ಯಾರ್ಥಿ ಹೆದರುತ್ತಾನೆ. ಆಫ್ರಿಕದ ಟಾಂಗನೀಕದಲ್ಲಿ 1963ರಲ್ಲಿ ಎರಾಸ್ಟೊ ಎಂಪೆಂಬಾ ಎಂಬ ಶಾಲಾಬಾಲಕನು ಐಸ್‌ಕ್ರೀಮು ಮಾಡುತ್ತಿದ್ದಾಗ, ಕಾಸಿದ ಹಾಲನ್ನು ಆರಿಸದೆ ಬಿಸಿಯಾಗಿಯೇ ಇಟ್ಟರೆ ಅದು ಇತರರದಕ್ಕಿಂತ ಬೇಗ ಹೆಪ್ಪುಗಟ್ಟಿದುದನ್ನು ಕಂಡನು. ಉಪಾಧ್ಯಾಯರು ನಂಬಲಿಲ್ಲ, ಸಹಪಾಠಿಗಳು ನಕ್ಕರು. ಶಾಲೆಗೆ ಉಪನ್ಯಾಸಕ್ಕೆ ಬಂದಿದ್ದ ಪ್ರಾಧ್ಯಾಪಕ ಆಸ್‌ಬರ್ನ್ ಅವರನ್ನು ಅವನು ಅದೇ ಪ್ರಶ್ನೆ ಕೇಳಲು, ಅವರು ನಗದೆ ಪ್ರಯೋಗ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲಿಯೂ ಲೇಖನ ಪ್ರಕಟವಾಯಿತು. ಇಲ್ಲಿಗೆ ಕಥೆ ಮುಗಿಯಲಿಲ್ಲ. 2016ರಲ್ಲಿ ಇಬ್ಬರು ವಿಜ್ಞಾನಿಗಳು ಎಚ್ಚರಿಕೆಯಿಂದ ಅಳೆದು, ನೀರಿನಲ್ಲಿ ಅಂತಹ ಪರಿಣಾಮಕ್ಕೆ ಆಧಾರ ಕಾಣದೆಂದೂ, ಥರ್ಮಾಮೀಟರು ಒಂದು ಸೆಂಟಿಮೀಟರು ಮೇಲೆ ಕೆಳಗಾದರೂ ಫಲಿತಾಂಶ ಬದಲಾಗಬಲ್ಲದೆಂದೂ ಬರೆದರು. ವಾದ ಇನ್ನೂ ನಡೆದಿದೆ. ಅಡಿಗೆಯ ಮನೆಯಿಂದೆದ್ದ ಬಾಲಕನ ಪ್ರಶ್ನೆಯೊಂದು ಅರ್ಧ ಶತಮಾನಕ್ಕೂ ಮಿಕ್ಕಿ ವಿದ್ವಾಂಸರನ್ನು ದುಡಿಸಿರುವಾಗ, ಅದು ಸರಿಯೋ ತಪ್ಪೋ ಎಂಬುದು ಎರಡನೆಯ ಮಾತು.

ಇದಕ್ಕೆ ವಿರುದ್ಧವಾಗಿ, ಮೋಟಾರಿನಿಂದ ಡೈನಮೊ ತಿರುಗಿಸಿ, ಆ ಡೈನಮೊದಿಂದಲೇ ಮೋಟಾರು ನಡೆಸಿ, ಮಿಕ್ಕ ವಿದ್ಯುತ್ತಿನಿಂದ ದೀಪ ಹಚ್ಚುವ 'ಉಚಿತ ಶಕ್ತಿ'ಯ ಯಂತ್ರಗಳು ಪ್ರದರ್ಶನಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುವುದುಂಟು. ಪೀಠದ ಅಡಿಯಲ್ಲಿ ಬ್ಯಾಟರಿಯನ್ನು ಹುಡುಕಿರೆಂದಷ್ಟೇ ನಮ್ಮ ಸಲಹೆ.

ನಮ್ಮ ಆಕ್ಷೇಪದ ತಿರುಳು ಅಂಕ ಕೊಡುವವರ ಮೇಲಿದೆ. ಮಿನುಗುವ ದೀಪಗಳಿಗೆ ಪಾರಿತೋಷಕ ದೊರೆಯುವವರೆಗೆ, ಹಣವುಳ್ಳವರ ಮಕ್ಕಳು ಕೊಂಡು ತರುತ್ತಾರೆ. ಇಲ್ಲದವರ ಮಕ್ಕಳು ಭೌತಶಾಸ್ತ್ರವೂ ತಮಗೆ ನಿಲುಕದ ಬೆಲೆಯ ವಸ್ತುವೆಂದು ತಿಳಿದು ಹಿಂದೆ ಸರಿಯುತ್ತಾರೆ. ಈ ಅನ್ಯಾಯ ಸಣ್ಣದಲ್ಲ. ಪರೀಕ್ಷಕರು ಮೇಜಿನ ಮೇಲಿನ ಮಾದರಿಯನ್ನು ನೋಡುವ ಮುನ್ನ ಟಿಪ್ಪಣಿಯ ಪುಸ್ತಕವನ್ನು ಕೇಳಲಿ: ಮೊದಲ ದಿನದ ಅಳತೆ ಎಲ್ಲಿ, ಹೊಡೆದುಹಾಕಿದ ಅಂಕೆಗಳೆಲ್ಲಿ, ಅಳತೆಯಲ್ಲಿ ಎಷ್ಟು ಅನಿಶ್ಚಯವಿದೆಯೆಂದು ಬರೆದಿದ್ದೀಯೆ? ಅರ್ಧ ಅಂಕಗಳು ಇದಕ್ಕೇ ಮೀಸಲಾಗಲಿ. ವಿಷಯವನ್ನು ಆರಿಸಲು ಎಂಟು ದಿನಗಳಲ್ಲ, ವರ್ಷಾರಂಭದಿಂದ ಎರಡು ತಿಂಗಳ ಅವಧಿ ಕೊಡಲಿ. ಪ್ರಶ್ನೆಯನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬರೆದು ತೋರಿಸಬೇಕೆಂದು ವಿಧಿಸಲಿ. ಒಂದು ವಾಕ್ಯಕ್ಕೆ ಹಿಡಿಸದ ಪ್ರಶ್ನೆ ಮೂರು ತಿಂಗಳಿಗೂ ಹಿಡಿಸದು. ಗೋಳಗುಮ್ಮಟವನ್ನು ನೋಡಿಕೊಳ್ಳುವ ಪುರಾತತ್ವ ಇಲಾಖೆಯವರು, ಯಾತ್ರಿಕರ ಗದ್ದಲ ಮೊದಲಾಗುವ ಮುಂಚೆ, ಬೆಳಗಿನ ಒಂದು ಗಂಟೆಯ ಹೊತ್ತು ಅಧ್ಯಾಪಕರೊಡನೆ ಬಂದ ನಾಲ್ಕಾರು ವಿದ್ಯಾರ್ಥಿಗಳನ್ನು ಮೊಗಸಾಲೆಗೆ ಬಿಟ್ಟುಕೊಟ್ಟರೆ ಸರಕಾರದ ಬೊಕ್ಕಸಕ್ಕೆ ಕಾಸಿನ ಖರ್ಚೂ ಇಲ್ಲ. ವಿಜಯಪುರದ ಕಾಲೇಜುಗಳ ಅಧ್ಯಾಪಕರು ಈ ವರ್ಷವೇ ಅರ್ಜಿಯನ್ನು ಬರೆದು ಕಳುಹಿಸಲಿ.