ಗಾಡಿ ಲೆಕ್ಕದಾಗಿನ ಎರಡು ಸೊನ್ನಿ

ನಮ್ಮನಿಯವರು ರಿಟೈರ್ ಆದಮ್ಯಾಲೆ ಒಂದು ಹೊಸಾ ಹುಚ್ಚು ಹಚ್ಚಿಕೊಂಡಾರ. ಹಳೇ ವ್ಯಾನ್ ಒಂದು ತಗೊಂಡು, ಅದರಾಗ ಗಾದಿ, ಒಲಿ, ನೀರಿನ ಕ್ಯಾನ್ ಇಟ್ಕೊಂಡು ಮೂರು ತಿಂಗಳು ಊರೂರು ತಿರಗೂದು. ಗಾಡೀನ ಮನಿ, ಖರ್ಚು ಕಡಿಮಿ. ಮೊನ್ನೆ ಸಂಜಿಮುಂದ ನಾ ಮೆಂತೆ ಪಲ್ಯ ಸೋಸ್ಕೋತ ಕೂತಿದ್ದೆ, ಲೆಕ್ಕದ ಹಾಳಿ ತಂದು ಮುಂದ ಹಿಡದ್ರು. ಪೆಟ್ರೋಲ್ 37 ಸಾವಿರ, ಟೋಲ್ 8 ಸಾವಿರ, ಕಿರಾಣಿ 15 ಸಾವಿರ. ಅದರ ಕೆಳಗ "ವಸ್ತಿ 0, ಅಡಗಿ 0".

"ಅಡಗಿ ಸೊನ್ನಿ ಹ್ಯಾಂಗ್ರೀ?" ಅಂದೆ.

"ನೀ ಇದ್ದೀಯಲ್ಲ!" ಅಂದ್ರು.

ಮೊದಲ ನಗು ಬಂತು, ಆಮ್ಯಾಲೆ ರಾತ್ರಿ ನಿದ್ದಿ ಬರಲಿಲ್ಲ. ಅಲ್ರೀ, ಗಾಲಿ ಹಚ್ಚಿದ ಅಡಗಿಮನ್ಯಾಗ ಮೂರು ತಿಂಗಳು ನಿಂತ್ರ ನಾ ತಿರಗಾಡಿದಂಗ ಆತೇನು? ಹಂಗಂತ ನಾ ಬ್ಯಾಡ ಅನ್ನಾಕಿ ಅಲ್ಲ. 33 ವರ್ಷದ ಸಂಸಾರದಾಗ ನಾ ಊರು ಬಿಟ್ಟು ಹೋಗಿದ್ದಂದ್ರ ಲಗ್ನಕ್ಕ, ಬಾಣಂತನಕ್ಕ, ಇಲ್ಲಾ ತಿಥಿಗೆ. ನನಗೂ ಹೋಗಬೇಕು ಅಂತ ಆಶಾ ಅದ. ಆದ್ರ ಆ ಎರಡು ಸೊನ್ನಿ ಅಳಿಸಿದ ಮ್ಯಾಲೆನ ಹೋಗೂದು, ಇದು ನನ್ನ ಮಾತು.

ಗಾಡಿ ಕೊಳ್ಳೂಕಿಂತ ಮೊದಲ ನಾಕು ದಿನ ನೋಡೂಣಂತ ಹೇಳಿ ನಮ್ಮ ಮೈದುನರ ಇಕೋ ಗಾಡಿ ಕೇಳಿ ತಗೊಂಡ್ವಿ. ಸೀಟು ಕೀಳಿಸಲಿಲ್ಲ. ಗಾಡಿಯ ರೂಪಾನ ಬದಲಿ ಮಾಡಬೇಕಂದ್ರ ಆರ್‌ಟಿಒ ಒಪ್ಪಿಗಿ ಬೇಕಾಗ್ತದ, ವಿಮಾದವರಿಗೂ ತಿಳಸಬೇಕು. ಇದನ್ನ ಯಾರೂ ಮೊದಲ ವಿಚಾರ ಮಾಡೂದಿಲ್ಲ. ಬಡಿಗ್ಯಾನ ಕಡೆ ತಗದು ಹಾಕೋ ಹಲಗಿ ಮಾಡಿಸಿ, ಬದಾಮಿ, ಪಟ್ಟದಕಲ್ಲು, ಐಹೊಳಿ ನೋಡಿ ಕೂಡಲಸಂಗಮಕ್ಕ ಹೋದ್ವಿ. ಕೃಷ್ಣಾ ಮಲಪ್ರಭಾ ಕೂಡೋ ಜಾಗದಾಗ ಕೂತಾಗ, ಖರೇ ಹೇಳ್ತೇನಿ, ಇವರ ಹುಚ್ಚು ನನಗೂ ಹತ್ತಿತ್ತು.

ರಾತ್ರಿ ಮಾತ್ರ ಬ್ಯಾರೇ. ಕಿಡಕಿ ತಗದ್ರ ಗುಂಗಾಡು, ಹಾಕಿದ್ರ ಧಗಿ. ಎಲ್ಲಾಕಿಂತ ದೊಡ್ಡ ತ್ರಾಸು ಯಾವದು ಅಂತ ನಿಮಗ ಹೇಳಬೇಕಾಗಿಲ್ಲ. ಪೆಟ್ರೋಲ್ ಪಂಪಿನಾಗ ಶೌಚಾಲಯ, ಕುಡಿಯೋ ನೀರು ಪುಕ್ಕಟ ಕೊಡಬೇಕು ಅಂತ ನಿಯಮ ಅದ. ನಾವು ನಿಂತ ಒಂದು ಕಡೆ ಬಾಗಲಕ್ಕ ಕೀಲಿ, ಕೀಲಿ ಇದ್ದಾಂವ ಮನಿಗೆ ಹೋಗಿದ್ದ. ಇವರಿಗೇನು, ರಸ್ತಾದ ಬಾಜೂಕ ಹೋಗಿ ಬಂದ್ರು. ನಾ ಮರುದಿನದಿಂದ ಮಧ್ಯಾಹ್ನ ನಾಕರ ಮ್ಯಾಲೆ ನೀರು ಕುಡಿಯೂದ ಬಿಟ್ಟೆ. ಮನಿಗೆ ಬಂದಮ್ಯಾಲೆ ಉರಿಮೂತ್ರ, ಜ್ವರ, ಐದು ದಿನ ಗುಳಿಗಿ. ಡಾಕ್ಟರ್ ಬಾಯಿ ಕೇಳಿದ್ರು, "ಪ್ರವಾಸದಾಗ ನೀರು ಕುಡೀಲಿಲ್ಲೇನು?" ನಾವು ಹೆಣ್ಣುಮಕ್ಕಳು ಬಸ್ಸಿನಾಗ, ಲಗ್ನದ ಮನ್ಯಾಗ ಎಲ್ಲಾ ಕಡೆ ಮಾಡೂದು ಇದ ಅಲ್ಲೇನ್ರೀ? ಮೂರು ತಿಂಗಳು ಹಿಂಗ ಮಾಡಿದ್ರ ಮೂತ್ರಪಿಂಡದ ಗತಿ ಏನು?

ನಮ್ಮ ಅಜ್ಜಿ ಚಕ್ಕಡ್ಯಾಗ ಸವದತ್ತಿ ಎಲ್ಲಮ್ಮನ ಜಾತ್ರಿಗೆ ಹೋಗ್ತಿದ್ಲು. ಅವರದೂ ರಸ್ತಾದ ಮ್ಯಾಲಿನ ಬದುಕನ. ಆದ್ರ ಓಣಿಯ ಹತ್ತು ಚಕ್ಕಡಿ ಕೂಡಿ ಹೋಗ್ತಿದ್ವು, ನೀರು ಇದ್ದಲ್ಲಿ ಬಿಡಾರ ಬಿಡ್ತಿದ್ರು, ಬುತ್ತಿ ಮನ್ಯಾಗನ ಕಟ್ಟಿಕೊಂಡಿರ್ತಿದ್ರು. ಅಕಿ ದಾರ್‍ಯಾಗ ದಿನಾ ಮೂರು ಹೊತ್ತು ಒಲಿ ಹೊತ್ತಸಲಿಲ್ಲ.

ಅದಕ್ಕ ನಾನೂ ಒಂದು ಹಾಳಿ ಬರದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ ಮನಿಯಿಂದನ. ಒಲಿ ಮುಂಜಾನೆ ಒಂದ ಸಲ, ಅದೂ ಗಾಡಿ ಹೊರಗ. ಬಾಗಲಾ ಹಾಕಿದ ಗಾಡ್ಯಾಗ ಗ್ಯಾಸ್ ಹಚ್ಚಿದ್ರ ಜೀವಕ್ಕ ಕುತ್ತು. ರಾತ್ರಿ ಊಟ ಖಾನಾವಳಿ. ಭಾಂಡೆ ಅವರು ತೊಳೀಬೇಕು. 20 ಲೀಟರಿನ ಕ್ಯಾನ್ ಅಂದ್ರ 20 ಕಿಲೋ ಭಾರ, ಅದನ್ನ ಎತ್ತೂದೂ ಅವರದ. ಮೂರು ದಿನಕ್ಕೊಮ್ಮೆ ಬಚ್ಚಲಿರೋ ಖೋಲಿ. ನಮ್ಮ ಅತ್ತಿಯವರು ಹಾಸಿಗಿ ಹಿಡದಾಗ ತಂದಿದ್ದ ಕಮೋಡ್ ಕುರ್ಚಿ ಅಟ್ಟದ ಮ್ಯಾಲೆ ಅದ. ಅದು, ಮುಚ್ಚಳದ ಬಕೀಟು, ಕಟಗಿ ಪುಡಿ ಗಾಡ್ಯಾಗ ಬರಬೇಕು. ನಾಚಿಕಿ ಯಾಕ್ರೀ? ಇದ್ದದ್ದನ್ನ ಉಪಯೋಗ ಮಾಡೂದು.

ಪೆಟ್ರೋಲ್, ಟೋಲ್ ಅಷ್ಟ. ಊಟ, ಕಿರಾಣಿ ದಿನಕ್ಕ 400ರಂಗ 36 ಸಾವಿರ. ಖೋಲಿ 800ರಂಗ ಮೂವತ್ತು ರಾತ್ರಿಗೆ 24 ಸಾವಿರ. ರಿಪೇರಿಗೆ 25 ಸಾವಿರ. ಅವರ 60 ಸಾವಿರದ ಲೆಕ್ಕ ನನ್ನ ಹಾಳ್ಯಾಗ 1 ಲಕ್ಷ 30 ಸಾವಿರ ಆತು.

"ಎರಡು ಪಟ್ಟಿನ ಮ್ಯಾಲೆ ಹೋತಲ್ಲ! ಇಷ್ಟು ರೊಕ್ಕ ಎಲ್ಲಿಂದ ತರೂದು?" ಅಂದ್ರು.

"ಮೂರು ತಿಂಗಳು ಯಾಕ? ಒಂದೂವರಿ ತಿಂಗಳು ಹೋಗೂಣು. 80 ಸಾವಿರದೊಳಗ ಮುಗೀತದ" ಅಂದೆ.

ರೊಕ್ಕ ಕಡಿಮಿ ಇದ್ರ ದಿನ ಕಡಿಮಿ ಮಾಡಬೇಕ ಹೊರತು, ಉಳಿದ ಖರ್ಚನ್ನ ಮನಿ ಹೆಣಮಗಳ ಮೈಯಿಂದ ವಸೂಲ ಮಾಡಬಾರದು. ಕಡಿಮಿ ಖರ್ಚಿನಾಗ ಹೋಗಿ ಬಂದ್ವಿ ಅಂತ ಹೇಳಿಕೊಳ್ಳೋರ ಹೆಂಡಂದಿರನ್ನ ಒಮ್ಮೆ ಕೇಳ್ರಿ, ಆ ಉಳಿತಾಯ ಎಲ್ಲಿಂದ ಬಂತು ಅಂತ.

ಇನ್ನೊಂದು ಮಾತು. ರಿಟೈರ್ ಆದಾಗ ಬಂದ ರೊಕ್ಕ ಎಲ್ಲಾ ಗಾಡಿಗೆ ಹಾಕಬ್ಯಾಡ್ರಿ. ಹೊಳ್ಳಿ ಬಂದಮ್ಯಾಲೆ ಆರು ತಿಂಗಳು ಮನಿ ನಡಿಯೋ ಅಷ್ಟು ತಗದಿಡ್ರಿ. ಮತ್ತ ನಿಮ್ಮ ಹೆಸರಿನ ಖಾತ್ಯಾಗ ಒಂದು ರೈಲ್ ಟಿಕೀಟಿನ ರೊಕ್ಕ ಬ್ಯಾರೇನ ಇರಲಿ. ನಡುದಾರ್‍ಯಾಗ ಸಾಕು ಅನಿಸಿದ್ರ ಯಾರನ್ನೂ ಕೇಳದ ಮನಿಗೆ ಬರೂಹಂಗ ಇರಬೇಕು. ಹಂಗ ಇದ್ರನ ಧೈರ್ಯದಿಂದ ಮುಂದ ಹೋಗ್ತೀವಿ.

ನನ್ನ ಹಾಳಿ ಓದಿ ಎರಡು ದಿನ ಮಾತಾಡಲಿಲ್ಲ. ನಿನ್ನೆ ಮುಂಜಾನೆ ನೋಡ್ತೇನಿ, ಅಟ್ಟದ ಮ್ಯಾಲಿಂದ ಕುರ್ಚಿ ಇಳಿಸಿ, ಧೂಳು ಝಾಡಿಸಿ, ಅಂಗಳದಾಗ ತೊಳಿಲಿಕ್ಕೆ ಹತ್ಯಾರ. ದೀಪಾವಳಿ ಮುಗದಮ್ಯಾಲೆ ಹೊಂಡೂದಂತ. ನಾ ಈ ವಾರ ಗುರೆಳ್ಳು ಹುರಿಬೇಕು.