ತೀರ್ಪು ಕನ್ನಡಕ್ಕೆ ಬಂತು, ವಿಮರ್ಶೆ ಎಂದು ಬಂದೀತು?

2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವೊಂದು ಇಂಗ್ಲಿಷಿನ ಜತೆಗೆ ಕನ್ನಡದಲ್ಲೂ ತೀರ್ಪು ನೀಡಿದಾಗ ನಾಡಿನಲ್ಲಿ ಸಹಜವಾಗಿಯೇ ಸಂತಸ ವ್ಯಕ್ತವಾಯಿತು. ಸುಪ್ರೀಂ ಕೋರ್ಟ್ ಕೂಡ 2019ರಿಂದ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನು ಪ್ರಕಟಿಸುತ್ತ ಬಂದಿದೆ. ಆದರೆ ಸಂವಿಧಾನದ 348ನೇ ವಿಧಿ ಇದ್ದಲ್ಲೇ ಇದೆ. ರಾಷ್ಟ್ರಪತಿಯವರ ಪೂರ್ವಾನುಮತಿ ಪಡೆದು ರಾಜ್ಯಪಾಲರು ಹೈಕೋರ್ಟ್ ಕಲಾಪಕ್ಕೆ ರಾಜ್ಯಭಾಷೆಯನ್ನು ಬಳಸಲು ಅವಕಾಶ ನೀಡಬಹುದು ಎಂಬ ಉಪಬಂಧ ಅದರಲ್ಲಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಈ ಅವಕಾಶ ದೊರೆತಿದೆ. ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳ, ಛತ್ತೀಸಗಢಗಳ ಜತೆಗೆ ಕರ್ನಾಟಕವೂ ಮುಂದಿಟ್ಟ ಬೇಡಿಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್‌ನ ಪೂರ್ಣ ಸಭೆ ಒಪ್ಪಲಿಲ್ಲ.

ಇದು ಹಳೆಯ ತಕರಾರು, ನ್ಯಾಯವಾದದ್ದೂ ಹೌದು. ಆದರೆ ಕಾನೂನನ್ನು ಕನ್ನಡದಲ್ಲಿ ವಿಮರ್ಶಿಸಬಾರದೆಂದು, ಅದು ಊರಿನಲ್ಲಿ ಹೇಗೆ ನಡೆಯಿತೆಂದು ಅಧ್ಯಯನ ಮಾಡಬಾರದೆಂದು ಯಾವ ವಿಧಿಯೂ ಹೇಳಿಲ್ಲ. ಅಲ್ಲಿನ ಬಡತನಕ್ಕೆ ದೆಹಲಿಯನ್ನು ದೂರಿ ಪ್ರಯೋಜನವಿಲ್ಲ.

ಭೂಸುಧಾರಣೆಯನ್ನೇ ನೋಡಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಹಕ್ಕು ಪಡೆಯಬೇಕಿತ್ತು. ವಿಚಾರಣೆ ನಡೆಸಿದ್ದು ಸಿವಿಲ್ ನ್ಯಾಯಾಲಯವಲ್ಲ, ಭೂ ನ್ಯಾಯಮಂಡಳಿ. ಅಧ್ಯಕ್ಷತೆ ಅಸಿಸ್ಟೆಂಟ್ ಕಮಿಷನರರದು. ಜತೆಗೆ ಸರ್ಕಾರ ನೇಮಿಸಿದ ಸದಸ್ಯರು. ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ಎದುರುಬದುರಾಗಿ ತಮ್ಮ ಮಾತಿನಲ್ಲೇ ವಾದಿಸುವ ವ್ಯವಸ್ಥೆ ಅದು. ವಕೀಲರನ್ನು ಹೊರಗಿಟ್ಟ ಆ ಉಪಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ, ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ರದ್ದುಪಡಿಸಿತು. ವಕೀಲರ ಕಾಯ್ದೆಗೆ ಅದು ವಿರುದ್ಧವೆಂಬುದು ಕಾರಣ. ಭೂಸುಧಾರಣೆಯನ್ನು ಮಾತ್ರ ಎತ್ತಿಹಿಡಿಯಿತು. ಅಷ್ಟರಲ್ಲಿ ಅರ್ಜಿ ಸಲ್ಲಿಕೆಯ ಗಡುವು ಮುಗಿದು ಹಲವು ವರ್ಷಗಳಾಗಿದ್ದವು.

ವಕೀಲರಿಲ್ಲದ ಆ ವಿಚಾರಣೆಯಲ್ಲಿ ಒಕ್ಕಲಿಗೆ ಅನುಕೂಲವಾಯಿತೇ, ಅಥವಾ ಒಡೆಯನ ಮುಖ ನೋಡಿದೊಡನೆ ಅವನ ದನಿ ಅಡಗಿತೇ? ಕಾನೂನು ಮತ್ತು ಸಮಾಜದ ಅಧ್ಯಯನವೆಂದರೆ ಇಂಥ ಪ್ರಶ್ನೆಗೆ ಉತ್ತರ ಹುಡುಕುವುದೇ. ಅರಸು ಕಾಲದ ಸುಧಾರಣೆಯ ಬಗ್ಗೆ ಜೇಮ್ಸ್ ಮೇನರ್, ನರೇಂದ್ರ ಪಾಣಿ, ಅತುಲ್ ಕೊಹ್ಲಿ ಮೊದಲಾದವರು ಬರೆದಿದ್ದಾರೆ, ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಭೂಮಿಯ ಹಸಿವನ್ನು ಶಿವರಾಮ ಕಾರಂತರ 'ಚೋಮನ ದುಡಿ' 1933ರಷ್ಟು ಹಿಂದೆಯೇ ಎತ್ತಿಕೊಂಡಿತ್ತು. ಕಾದಂಬರಿ ಹೊಕ್ಕಷ್ಟು ದೂರ ನಮ್ಮ ಕಾನೂನು ಬರವಣಿಗೆ ಇನ್ನೂ ಹೊಕ್ಕಿಲ್ಲ. ಪುಸ್ತಕದಂಗಡಿಯಲ್ಲಿ ಕಾನೂನು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಕಾಯ್ದೆಯ ಪಠ್ಯ, ಇಲ್ಲವೇ ಪರೀಕ್ಷೆಯ ಕೈಪಿಡಿ.

ಪರಿಭಾಷೆ ಇಲ್ಲವೆಂಬ ನೆಪ ಸಾಲದು. ಕರಾವಳಿಯ ಚಾಲಗೇಣಿ ಒಡೆಯನ ಮರ್ಜಿಯ ಮೇಲೆ ನಿಂತದ್ದು, ಮೂಲಗೇಣಿ ಶಾಶ್ವತವಾದದ್ದು. ಎರಡನ್ನೂ 'ಟೆನೆಂಟ್' ಎಂಬ ಒಂದೇ ಪದಕ್ಕೆ ತುಂಬಿದರೆ ಇಂಗ್ಲಿಷಿನಲ್ಲಿ ಮತ್ತೆ ವಿವರಣೆ ಕೊಡಬೇಕು. ದಾವೆ, ಪಹಣಿ, ಇನಾಂ, ದರಖಾಸ್ತು, ಜಪ್ತಿ, ಮುಚ್ಚಳಿಕೆ ಇವು ರೈತನ ಬಾಯಲ್ಲೇ ಇವೆ. ಅವನ್ನು ಬಿಟ್ಟು ಯಾರಿಗೂ ತಿಳಿಯದ ಸಂಸ್ಕೃತ ಸಮಾಸಗಳನ್ನು ಟಂಕಿಸುವ ಚಾಳಿ ಅನುವಾದಕರದು.

ಪಿಟಿಸಿಎಲ್ ಕಾಯ್ದೆಯ ವಿಷಯದಲ್ಲಂತೂ ಈ ಕೊರತೆಯ ಬೆಲೆ ತೆರುತ್ತಿರುವವರು ದಲಿತರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾದರೆ ಅದನ್ನು ಮರಳಿ ಕೊಡಿಸಲೆಂದೇ 1978ರಲ್ಲಿ ಬಂದ ಕಾಯ್ದೆ ಅದು. ಅರ್ಜಿಗೆ ಕಾಲಮಿತಿ ಹೇಳಿರಲಿಲ್ಲ. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ, ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ವಿಳಂಬದ ಕಾರಣಕ್ಕೇ ಅರ್ಜಿಗಳು ಬಿದ್ದುಹೋಗತೊಡಗಿದಾಗ ಹೋರಾಟ ನಡೆದು, 2023ರಲ್ಲಿ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸುವ ತಿದ್ದುಪಡಿ ಬಂತು. ಆದರೆ ಮಂಜೂರಿದಾರ ಏಕೆ ತಡವಾಗಿ ಬಂದ? ಸಾಲವೇ, ಕೊಂಡವನ ಭಯವೇ, ಕಾಯ್ದೆ ಇರುವುದೇ ತಿಳಿಯದಿದ್ದುದೇ? ನ್ಯಾಯಪೀಠ 'ವಿಳಂಬ' ಎಂದು ಬರೆದಾಗ ಅದರೆದುರು ಇಡಬಹುದಾದ, ಊರೂರು ಸುತ್ತಿ ದಾಖಲಿಸಿದ ಅಧ್ಯಯನ ನಮ್ಮ ಕಾನೂನು ಕಾಲೇಜುಗಳಿಂದ ಎಷ್ಟು ಬಂದಿದೆ? ಆ ಕಥೆ ಹೇಳಬಲ್ಲವರು ಕನ್ನಡದಲ್ಲೇ ಹೇಳುತ್ತಾರೆ. ಕೇಳಿಸಿಕೊಳ್ಳಬೇಕಾದ ವಿದ್ಯಾರ್ಥಿಗಳೂ ಕನ್ನಡ ಬಲ್ಲವರೇ. ಆದರೆ ಬಡ್ತಿಗೆ ಲೆಕ್ಕಕ್ಕೆ ಬರುವ ಪ್ರಬಂಧ ಮಾತ್ರ ಇಂಗ್ಲಿಷಿನದು.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಉಳಿಸುವ 'ಭೂ ಸುರಕ್ಷಾ' ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿತು. ಪ್ರಮಾಣಿತ ನಕಲು ಸುಲಭವಾಗಿ ಸಿಗಲಿ ಎಂಬುದು ಅದರ ಉದ್ದೇಶ. ನ್ಯಾಯಮಂಡಳಿಗಳ ಮುಂದೆ ಒಕ್ಕಲುಗಳು ಕೊಟ್ಟ ಹೇಳಿಕೆಗಳನ್ನೂ ಇದರಲ್ಲಿ ಸೇರಿಸಿ, ವೈಯಕ್ತಿಕ ವಿವರ ಮರೆಮಾಡಿ, ಕಾನೂನು ವಿಶ್ವವಿದ್ಯಾಲಯಕ್ಕೂ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತೆರೆದಿಡಲು ಕಂದಾಯ ಇಲಾಖೆಯ ಒಂದು ಆದೇಶ ಸಾಕು. ಅದಕ್ಕೆ ರಾಷ್ಟ್ರಪತಿಯವರ ಅನುಮತಿ ಬೇಕಿಲ್ಲ.